ನಾನು ಕೇಳಿಸಿಕೊಳ್ಳದ ಆದೇಶ

ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ ನಾನು ವೈರ್‌ಲೆಸ್ಸಿನ ಹೆಡ್‌ಫೋನನ್ನು ಕಿವಿಯಿಂದ ತೆಗೆದೆ. ತೆಗೆಯಬಾರದಿತ್ತು. ಅಷ್ಟೇ ಆಗಿದ್ದರೆ ಕರ್ತವ್ಯಲೋಪ ಎನ್ನಬಹುದಿತ್ತು. ಆದರೆ ಆಮೇಲೆ ನಾನು ಎರಡು ಸುಳ್ಳು ಹೇಳಿದೆ — ಒಂದು ನರಸಿಂಹುಲುವಿನ ಜೀವ ತೆಗೆಯಿತು, ಇನ್ನೊಂದು ಹವಾಲ್ದಾರ್ ರಂಗಪ್ಪನವರನ್ನು ಅಪರಾಧಿ ಮಾಡಿತು.

ನಮ್ಮ ಸೈನ್ಯ ಶ್ರೀಲಂಕೆಯಲ್ಲಿದ್ದ ಕಾಲ. ಮಧುಗಿರಿಯಲ್ಲಿ ಬಿ.ಎ. ಮುಗಿಸಿ ಸೇನೆ ಸೇರಿದ್ದ ನಾನು ನಮ್ಮ ತುಕಡಿಯ ವೈರ್‌ಲೆಸ್ ಹೊರುತ್ತಿದ್ದೆ. ತುಕಡಿಯ ಮುಖ್ಯಸ್ಥರಾಗಿದ್ದ ರಂಗಪ್ಪ ಕೊಡಿಗೇನಹಳ್ಳಿಯವರು. ನರಸಿಂಹುಲು ಪಾವಗಡದ ಕಡೆಯವನು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. ನಮ್ಮನ್ನು ಕರೆಸಿಕೊಂಡವರಿಗೇ ನಾವು ಬೇಡವಾಗಿದ್ದೆವು. ನಮ್ಮ ದೇಶದಲ್ಲೂ ಆ ಯುದ್ಧದ ಬಗ್ಗೆ ಬೇಸರವೇ. ವಾಪಸ್ ಕರೆಸುತ್ತಾರೋ, ಇಲ್ಲವೋ — ದಿನವಿಡೀ ಅದೇ ಮಾತು. ಅಂದು ತಾಳೆಮರಗಳ ನಡುವೆ ಬಾವಿಯೊಂದರ ಹತ್ತಿರ ದಣಿವಾರಿಸಿಕೊಳ್ಳುವಾಗಲೂ ಅದೇ.

"ಇಷ್ಟು ಮಂದಿ ಸತ್ತ ಮೇಲೆ ಸುಮ್ನೆ ವಾಪಸ್ ಪೋವಡಮಾ, ಅಣ್ಣಾ? ಮುಗಿಸ್ಕೊಂಡೇ ಹೋಗ್ಬೇಕು," ಎಂದ ನರಸಿಂಹುಲು.

"ಸತ್ತೋರ್ ಜೊತೆಗೆ ನಿನ್ನೂ ಸೇರಿಸ್ಬೇಕೇನ್ಲಾ?" ಎಂದರು ರಂಗಪ್ಪ. ನನ್ನತ್ತ ಗದ್ದ ತೋರಿಸಿ, "ಬಿಯೇ ಸಾಹೇಬ್ರನ್ನ ಕೇಳು. ಡೆಲ್ಲಿಯೋರು ಮೊದ್ಲು ಇವ್ರಿಗೇ ತಾನೆ ಏಳೋದು."

ಎಲ್ಲರೂ ನಕ್ಕರು. ನಾನು ಬಾವಿಕಟ್ಟೆಯ ಮರೆಗೆ ಸರಿದೆ. ವಾರ್ತೆ ಕೇಳೆಂದು ಯಾರೂ ನನಗೆ ಹೇಳಿರಲಿಲ್ಲ. ಹೆಡ್‌ಫೋನ್ ತೆಗೆದು, ಚೀಲದಲ್ಲಿದ್ದ ಪುಟ್ಟ ರೇಡಿಯೋವನ್ನು ಕಿವಿಗೆ ಒತ್ತಿಕೊಂಡು ಇಂಗ್ಲಿಷ್ ವಾರ್ತೆ ಕೇಳಿದೆ. ಐದು ನಿಮಿಷ — ಅಥವಾ ಇನ್ನೂ ಹೆಚ್ಚು. ಎಷ್ಟು ಸಲ ಲೆಕ್ಕ ಹಾಕಿದರೂ ಸರಿಹೋಗುವುದಿಲ್ಲ.

ಮತ್ತೆ ಹೆಡ್‌ಫೋನ್ ಹಾಕಿಕೊಂಡಾಗ ಕಂಟ್ರೋಲಿನ ದನಿ ಕೇಳುತ್ತಿತ್ತು: "ಸಂದೇಶ ಸಿಕ್ಕಿತೇ?" ಇನ್ನೊಮ್ಮೆ ಹೇಳಿ ಎಂದರೆ ಇಷ್ಟು ಹೊತ್ತು ಎಲ್ಲಿದ್ದೆ ಎಂದು ಕೇಳುತ್ತಿದ್ದರು. "ಸಿಕ್ಕಿತು," ಎಂದೆ. ಎಂದಿನ ಸಂದೇಶವೇ ಇರಬೇಕು, ಆಮೇಲೆ ಹೇಗಾದರೂ ತಿಳಿದುಕೊಂಡರಾಯಿತು ಎಂದು — ಅಷ್ಟರಲ್ಲಿ ರಂಗಪ್ಪ ಎದ್ದು "ನಡೀರಿ" ಎಂದರು. ನರಸಿಂಹುಲು ಮುಂದೆ, ಅವನ ಹಿಂದೆ ಅವರು. ನಾನು ಬಾಯಿ ಬಿಡಲಿಲ್ಲ. ಬೇಲಿಯ ತಿರುವಿನಲ್ಲಿ ನೆಲವೇ ಎದ್ದು ನಿಂತಿತು.

ಈಗಲೂ ನಮ್ಮೂರ ಹತ್ತಿರ ಪುರವರದ ಕಡೆ ಬಂಡೆಗೆ ಸಿಡಿಮದ್ದು ಇಟ್ಟರೆ ನನ್ನ ಕೈ ತಾನಾಗಿ ಕಿವಿಗೆ ಹೋಗುತ್ತದೆ — ಹೆಡ್‌ಫೋನ್ ಇದೆಯೇ ಎಂದು ನೋಡಲು.

ಮುಂದಿನ ದಾರಿಯಲ್ಲಿ ನೆಲಬಾಂಬುಗಳಿವೆ, ತಕ್ಷಣ ಹಿಂದಿರುಗಿ. ಆ ಸಂದೇಶ ಇದು. ನನಗೆ ಗೊತ್ತಾದದ್ದು ವಿಚಾರಣೆಯಲ್ಲಿ.

"ಹವಾಲ್ದಾರರಿಗೆ ತಿಳಿಸಿದೆಯಾ?"

"ತಿಳಿಸಿದೆ."

ರಂಗಪ್ಪನವರ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಅರೆಬರೆ. ಆಸ್ಪತ್ರೆಯ ಮಂಚದಲ್ಲಿ ಅವರೇ ನನಗೆ ಸಮಾಧಾನ ಹೇಳಿದರು. "ನೀನು ಏಳಿರ್ತೀಯ ಬುಡಯ್ಯ. ನನ್ ಕಿವಿ ಮೊದ್ಲೇ ಮಂದ ಆಗಿತ್ತೇನೋ." ಆಗ ನನಗಾದದ್ದು ಪಶ್ಚಾತ್ತಾಪವಲ್ಲ — ನಿರಾಳ. ಅದನ್ನೂ ಇಲ್ಲಿ ಹೇಳಿಬಿಡಬೇಕು.

ಆದೇಶ ಮೀರಿದವರೆಂದು ಅವರ ದಾಖಲೆಯಲ್ಲಿ ಬರೆದರು. ಊರಿಗೆ ಮರಳಿದ ಮೇಲೆ ಅವರು ಪ್ರತಿವರ್ಷ ಪಾವಗಡದ ಕಡೆ ಹೋಗಿ ನರಸಿಂಹುಲುವಿನ ಅಕ್ಕನ ಮುಂದೆ ಕೈಮುಗಿದು ನಿಲ್ಲುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಆಕೆ ಕೊಟ್ಟ ಮಜ್ಜಿಗೆ ಕುಡಿದು ಬಂದೆ.

ಈ ವರ್ಷ ಅವರ ಮಂಡಿ ಸೋತಿತು. ಕೊಡಿಗೇನಹಳ್ಳಿಯ ಮನೆಯ ಜಗುಲಿಯಲ್ಲಿ ಕೂತು ನನ್ನ ಕೈ ಹಿಡಿದರು. "ನನ್ ಕೈಲಿ ಬಸ್ ಅತ್ತಕ್ಕಾಗಲ್ಲ. ನೀನೇ ಓಗಿ, ರಂಗಪ್ಪಂದು ತಪ್ಪಾಯ್ತು ಅಂತ ಏಳ್ಬುಟ್ ಬಾರಯ್ಯ."

"ನಾನು ನಿಮಗೆ ಹೇಳಲೇ ಇಲ್ಲ, ರಂಗಪ್ಪಣ್ಣ."

"ಏನು? ಜೋರಾಗೇಳು."

ಮೆಲ್ಲಗೆ ಹೇಳಿ ಮುಗಿಸುವ ಅವಕಾಶ ನನಗಿರಲಿಲ್ಲ. ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕಾಯಿತು — ಹೆಡ್‌ಫೋನ್, ರೇಡಿಯೋ, "ಸಿಕ್ಕಿತು", "ತಿಳಿಸಿದೆ" — ಒಂದೊಂದನ್ನೂ ಎರಡೆರಡು ಸಲ. ಒಳಗಿನಿಂದ ಬಂದ ಅವರ ಹೆಂಡತಿ ಗೌರಮ್ಮ ಬಾಗಿಲಲ್ಲೇ ನಿಂತರು.

ರಂಗಪ್ಪ ಕೇಳಿದರು: "ವಾರ್ತೇಲಿ ಏನಂದ್ರಯ್ಯ ಅವತ್ತು?"

"ನಮ್ಮ ವಿಷಯ ಬರಲೇ ಇಲ್ಲ," ಎಂದು ಕೂಗಿದೆ.

ಅವರು ತಲೆಯಾಡಿಸಿ, ನನ್ನ ಕೈ ಬಿಟ್ಟರು.

ಮರುದಿನ ಬೆಳಿಗ್ಗೆ ಗೌರಮ್ಮ ಫೋನ್ ಮಾಡಿದರು. "ರಾತ್ರಿ ಒಂದ್ಸಲಾನೂ ಎದ್ದು ಕೂರ್ಲಿಲ್ಲ ಕಣಪ್ಪ. ಬೆಳಕು ಅರಿಯೋಗಂಟ ಮಲ್ಗಿದ್ರು. ಆ ದೇಶದಿಂದ ಬಂದ ಮೇಲೆ ಇದೇ ಮೊದ್ಲು." ಫೋನ್ ಇಡುವ ಮುನ್ನ ಹೇಳಿದರು, "ನೀನು ಮಾತ್ರ ಇನ್ ಮೇಲೆ ನಮ್ಮನೆ ಬಾಗ್ಲಿಗೆ ಬರ್ಬೇಡ."

"ಬರುವುದಿಲ್ಲ ಅತ್ತಿಗೆ," ಎಂದೆ. ನಾನಿದ್ದ ಬಸ್ಸು ಆಗಲೇ ಮಧುಗಿರಿ ದಾಟಿ ಪಾವಗಡದ ದಾರಿಯಲ್ಲಿತ್ತು. ನರಸಿಂಹುಲುವಿನ ಅಕ್ಕನಿಗೆ ಮೊದಲು ಯಾವ ಮಾತು ಹೇಳಬೇಕೆಂದು ನನಗಿನ್ನೂ ತಿಳಿದಿರಲಿಲ್ಲ.