ಸೆನೆಟರ್ ಕೈ ಕಾಯುವ ಸುಣ್ಣದ ಗೆರೆ

ಕೇಳಿಸಿಕೊಳ್ಳಿ ಸ್ವಾಮಿ, ಇಡೀ ಡೊಮಿನಿಕನ್ ನಾಡಿನಲ್ಲಿ ನಮ್ಮೂರ ಸೆನೆಟರ್ ಎಲಾದಿಯೊ ಹಾಗೆ ಚೆಂಡೆಸೆಯುವ ರಾಜಕಾರಣಿ ಇನ್ನೊಬ್ಬ ಹುಟ್ಟಿಲ್ಲ! ವಯಸ್ಸು ಎಪ್ಪತ್ತು ದಾಟಿದೆ. ಆದರೂ ಬೇಸ್‌ಬಾಲ್ ಶುರುವಾಗುವ ದಿನ ಮೊದಲ ಚೆಂಡು ಅವರದ್ದೇ. ಈ ವರ್ಷವೂ ಬಿಟ್ಟರು ನೋಡಿ, ಸೀದಾ ಎದುರಿಗೆ ಚೆಂಡು ಹಿಡಿಯಲು ಕೂತ ಕ್ಯಾಚರ್ ಗ್ಲೌಸಿಗೆ. ಠಪ್!

ಆ ಸದ್ದಿನ ಹಿಂದೆ ಒಬ್ಬರಿದ್ದಾರೆ. ನೆರೇಡಾ, ಸಕ್ಕರೆ ಕಾರ್ಖಾನೆ ಮೈದಾನದ ಮಾಲಿ. ಬೆಳಕು ಹರಿಯುವ ಮೊದಲೇ ಚೆಂಡೆಸೆಯುವ ದಿಬ್ಬಕ್ಕೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದಾರೆ.

“ಏನ್ ದೋನ್ಯಾ ನೆರೇಡಾ ಅಮ್ಮಾವ್ರೇ, ದಿಬ್ಬದ್ ಮೇಲೆ ಬಾಳೆ ನೆಡ್ತೀರಾ?” ಕಾಫಿ ಮಾರುವ ತಾವಿತೊ ಕಾಲೆಳೆಯುತ್ತಾನೆ.

“ನಿನ್ ನಾಲಿಗೆ ನೆಡ್ತೀನಿ. ಚೆನ್ನಾಗ್ ಬೆಳೆಯುತ್ತೆ.”

ದಿಬ್ಬ ಕೆಸರಾದರೆ ಪಾಲಿಶ್ ಬೂಟಿನ ಅತಿಥಿ ಅಲ್ಲಿಗೆ ಹತ್ತುವಂತಿಲ್ಲ. ಆಗ ನೆರೇಡಾ ದಿಬ್ಬದ ಮುಂದಿನ ಹುಲ್ಲಿನ ಮೇಲೆ, ಅವರು ನಿಂತು ಎಸೆಯಲೆಂದು, ಸುಣ್ಣದ ಗೆರೆ ಎಳೆಯುತ್ತಾರೆ. ವರ್ಷ ವರ್ಷ ಸೆನೆಟರ್ ಕೈ ಸೋತಷ್ಟೂ ಗೆರೆ ಕ್ಯಾಚರ್ ಹತ್ತಿರ ಸರಿಯುತ್ತದೆ.

“ಕೈ ಸೋತಿದ್ದು ಅವ್ನಿಗೆ ಗೊತ್ತಾಗ್ಬಾರ್ದು,” ಎನ್ನುತ್ತಾರೆ.

ನೆರೇಡಾ, ಎಲಾದಿಯೊ ಇಬ್ಬರೂ ಕಬ್ಬು ಕಡಿಯುವವರ ಸಾಲುಮನೆಗಳಲ್ಲಿ ಬೆಳೆದವರು. ಅವನು ಎಸೆಯುತ್ತಿದ್ದ, ಇವಳು ಹಾಲಿನ ರಟ್ಟಿನ ಡಬ್ಬ ಮಡಚಿ ಮಾಡಿದ ಗ್ಲೌಸಿನಲ್ಲಿ ಹಿಡಿಯುತ್ತಿದ್ದಳು. ಊರಿನ ತಂಡ ಹುಡುಗನನ್ನು ಸೇರಿಸಿಕೊಂಡಿತು. ಹುಡುಗಿಗೆ ಪೊರಕೆ ಕೊಟ್ಟಿತು. ಅವನ ಹೆಸರು ಮೈದಾನದಿಂದ ಮತಪೆಟ್ಟಿಗೆವರೆಗೂ ಓಡಿತು.

“ಅವ್ನ ಭಾಷಣದಲ್ಲಿ ಈ ಮೈದಾನ ಬರುತ್ತೆ, ಹಾಲಿನ ಡಬ್ಬದ ಗ್ಲೌಸೂ ಬರುತ್ತೆ. ಹಾಕ್ಕೊಂಡಿದ್ದವಳು ಮಾತ್ರ ಬರಲ್ಲ,” ಎಂದು ನಗುತ್ತಾರೆ. ಆಮೇಲೆ ಅಂಗೈ ನೋಡಿಕೊಳ್ಳುತ್ತಾರೆ. “ಅವ್ನ ಒಂದೇ ಒಂದ್ ಚೆಂಡು ಇಲ್ಲಿ ಬಡೀಬೇಕು. ಇನ್ನೇನೂ ಬೇಡ.”

ಸರಿ, ಈಗ ನಿಜ ಹೇಳಿಬಿಡುತ್ತೇನೆ. ಈ ವರ್ಷ ಠಪ್ ಅನ್ನಲೇ ಇಲ್ಲ.

ಸೆನೆಟರ್ ಗೆರೆಯ ಹತ್ತಿರ ಬಂದರು. ಗೆರೆ ನೋಡಿದರು, ತಿರುಗಿ ದೂರದ ದಿಬ್ಬ ನೋಡಿದರು. ಬೂಟು ಬಿಚ್ಚಿದರು, ಪ್ಯಾಂಟು ಮಡಚಿದರು, ಬರಿಗಾಲಲ್ಲಿ ಕೆಸರು ಹತ್ತಿದರು.

“ನೆರೇಡಾ! ಎಷ್ಟ್ ವರ್ಷದಿಂದ ಯಾಮಾರಿಸ್ತಿದ್ದೀಯೇ? ಬಾ, ನೀನೇ ಹಿಡಿ!”

ನೆರೇಡಾ ಕ್ಯಾಚರ್ ಹುಡುಗನ ಗ್ಲೌಸು ಕಿತ್ತುಕೊಂಡು ಕುಕ್ಕರುಗಾಲಲ್ಲಿ ಕೂತರು. ಸೆನೆಟರ್ ಎಸೆದರು. ಚೆಂಡು ಅರ್ಧ ದಾರಿಯಲ್ಲೇ ಬಿದ್ದು, ಉರುಳಿ, ಹುಲ್ಲಲ್ಲಿ ನಿಂತುಬಿಟ್ಟಿತು. ಸೆನೆಟರ್ ತಲೆ ತಗ್ಗಿತು.

ನೆರೇಡಾ ಮಾತ್ರ ಚಾಚಿದ ಕೈ ಇಳಿಸಲಿಲ್ಲ.

“ಇನ್ನೊಂದ್ ಎಸೆಯೋ ಎಲಾದಿಯೊ. ನಾನೆಲ್ಲೂ ಹೋಗಲ್ಲ.”