ಕೌದಿಯ ಹೊಟ್ಟೆ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಲಿಂಗಸುಗೂರಿನ ನಮ್ಮ ಓಣಿಯ ಹುಡುಗಿಯರನ್ನು ಮಹಿಳಾ ಮಂಡಳದ ಹಾಲ್‌ಗೆ ಅಟ್ಟುತ್ತಿದ್ದರು. ಬಿಸಿಲಿಗೆ ಅಲೆಯುವ ಬದಲು ಕೂತು ಏನಾದರೂ ಕಲಿಯಲಿ ಎಂದು. ಒಂದು ಮೂಲೆಯಲ್ಲಿ ಈಚಲು ಗರಿಯ ಬುಟ್ಟಿ ಕಲಿಸುತ್ತಿದ್ದರು, ಇನ್ನೊಂದು ಮೂಲೆಯಲ್ಲಿ ಹಳೆ ಬಟ್ಟೆ ಪದರಪದರವಾಗಿ ಹೊಲಿದು ಮಾಡುವ ಹೊದಿಕೆ, ಕೌದಿ. ಗರಿ ಬೆರಳು ಕೊಯ್ಯುತ್ತದೆಂದು ನಾನು ಕೌದಿಗೆ ಹೋದೆ. ಐದನೇ ತರಗತಿ ಮುಗಿದಿತ್ತು.

ಕಲಿಸುತ್ತಿದ್ದವಳು ಹುಲಿಗೆವ್ವ. ಸಂತೆಕಲ್ಲೂರಿನಿಂದ ದಿನಾ ಟಂಟಂ ಆಟೋ ಹತ್ತಿ ಬರುತ್ತಿದ್ದಳು. ನಾವೆಲ್ಲ ಆಯಿ ಅನ್ನುತ್ತಿದ್ದೆವು. ದಪ್ಪ ಬಟ್ಟೆಯಲ್ಲಿ ಸೂಜಿ ಓಡದಿದ್ದರೆ ಅದನ್ನು ತಲೆಗೂದಲಿಗೆ ಉಜ್ಜಿಕೊಳ್ಳುತ್ತಿದ್ದಳು. ಹಾಲ್ ತುಂಬ ಹಳೆ ಸೀರೆಯ, ಕೊಬ್ಬರಿ ಎಣ್ಣೆಯ ವಾಸನೆ.

ನನ್ನದು ಚಿಕ್ಕ ಕೌದಿ, ಹುಟ್ಟಲಿರುವ ಕೂಸಿಗೆ. ಅವ್ವನಿಗೆ ಎಂಟು ತಿಂಗಳು ತುಂಬಿತ್ತು. ಹತ್ತು ವರ್ಷ ಒಬ್ಬಳೇ ಆಡಿ ಬೇಸತ್ತ ನನಗೆ ತಮ್ಮನೇ ಬೇಕಿತ್ತು. ಅವ್ವ ತನ್ನ ಎರಡು ಸೀರೆ, ಹಟ್ಟಿಯ ಚಿನ್ನದ ಗಣಿಗೆ ಪಾಳಿ ಕೆಲಸಕ್ಕೆ ಹೋಗುತ್ತಿದ್ದ ಅಪ್ಪನ ಒಂದು ಲುಂಗಿ ಕೊಟ್ಟಳು. “ಹೊಸಾ ಬಟ್ಟಿ ಬ್ಯಾಡ. ಕೂಸಿನ ಮೈಗೆ ಚುಚ್ಚತೈತಿ.”

ಕೌದಿಯನ್ನು ಅಂಚಿನಿಂದ ಸುತ್ತು ಹಾಕುತ್ತ ನಡುವಿಗೆ ಹೊಲಿಯುತ್ತ ಬರಬೇಕು. ಕೊನೆಗೆ ನಟ್ಟನಡುವೆ ಅಂಗೈಯಗಲ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚೂರು ಹೋಳಿಗೆ ಇಟ್ಟೇ ಮುಚ್ಚಬೇಕು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವಂತೆ.

ನನಗೋ ಎಲ್ಲರಿಗಿಂತ ಮೊದಲು ಮುಗಿಸುವ ಹುಕಿ. ಹೋಳಿಗೆಗೆ ಕಾಯುವ ತಾಳ್ಮೆ ಎಲ್ಲಿಯದು? ಹೊಟ್ಟೆ ಮುಚ್ಚಿ ತಂದು ಆಯಿಯ ಮುಂದೆ ಹರವಿದೆ.

“ಉಪವಾಸ ಹೊಲಿದೀಯಲ್ಲಬೇ!” ನಕ್ಕಳು ಆಯಿ. “ಬಿಚ್ಚು. ನಾಳಿಗೆ ಹೋಳಿಗಿ ತಗೊಂಬಾ.”

ಹೂಂ ಅಂದೆ. ಬಿಚ್ಚಲಿಲ್ಲ. ಅಷ್ಟು ನೇರ ಬಂದಿದ್ದ ಹೊಲಿಗೆ ಕೀಳಲು ಮನಸ್ಸಾಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ಮಧ್ಯಾಹ್ನ ಅಪ್ಪ ಬಂದು ಅಜ್ಜಿಗೆ, “ಗಂಡು ಕೂಸು. ಅಳಲೇ ಇಲ್ಲ,” ಎಂದ. ಅಜ್ಜಿ ಸ್ವಲ್ಪ ಹೊತ್ತು ಗೋಡೆಗೆ ಒರಗಿ ಕೂತು, ಆಮೇಲೆ ನನ್ನನ್ನು ಉಣ್ಣಲು ಕರೆದಳು. ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ. ಪೂರ್ತಿ ಉಂಡೆ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದ್ದು ಇವತ್ತಿಗೂ ನೆನಪಿದೆ. ದುಃಖವಾಗಿದ್ದು ನೆನಪಿಲ್ಲ.

ಮನೆ ತುಂಬ ಬಂದುಹೋಗುವ ಜನ. ಮೂರನೇ ದಿನ ನನ್ನನ್ನು ಮತ್ತೆ ಹಾಲ್‌ಗೆ ಕಳಿಸಿದರು. ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಆಯಿಯ ಪಕ್ಕ ಕೂತೆ.

“ಆಯಿ, ನಾ ಹೊಟ್ಟಿ ಉಪವಾಸ ಇಟ್ಟೆ. ಅದಕ್ಕ ತಮ್ಮ ಹೋದ.”

ಅವಳ ಸೂಜಿ ನಿಲ್ಲಲಿಲ್ಲ. “ಹುಚ್ಚಿ. ನನ್ನ ಕೂಸುಗಳಿಗಂತ ನಾಕ ಕೌದಿ ಹೊಲಿದೀನಿ. ನಾಕಕ್ಕೂ ಹೋಳಿಗಿ ಇಟ್ಟೀನಿ. ಉಳಿದದ್ದು ಒಂದ ಕೂಸು.”

“ಮತ್ಯಾಕ ಇಡಬೇಕು?”

“ನಮ್ಮ ಕೈಯಾಗ ಅಷ್ಟ ಐತಿ, ಅದಕ್ಕ.”

ನನ್ನ ಕೌದಿಯ ಹೊಟ್ಟೆ ಬಿಚ್ಚಿ, ತನ್ನ ಬುತ್ತಿಯ ರೊಟ್ಟಿಯ ಚೂರಿಟ್ಟು ಅವಳೇ ಹೊಲಿದಳು. ತಪ್ಪು ನನ್ನದಲ್ಲ ಎಂದು ಗೊತ್ತಾದ ಮೇಲಾದರೂ ಅಳು ಬರಬೇಕಿತ್ತು. ಬರಲಿಲ್ಲ. ಅವಳ ಬೆರಳುಗಳನ್ನು ನೋಡುತ್ತ ಕೂತಿದ್ದೆ. ಮನೆಗೆ ಒಯ್ದ ಕೌದಿಯನ್ನು ಅಜ್ಜಿ ಎಲ್ಲಿಟ್ಟಳೋ, ನಾನು ಕೇಳಲಿಲ್ಲ.

ಈಗ ಆಯಿ ಇಲ್ಲ. ಹಾಲ್ ಇದ್ದಲ್ಲಿ ಮೊಬೈಲ್ ಅಂಗಡಿಗಳಿವೆ. ಕೌದಿಯನ್ನು ಮೊಬೈಲಿನಲ್ಲೇ ತರಿಸಿಕೊಳ್ಳುತ್ತಾರೆ, ಗೋಡೆಗೆ ತೂಗುಹಾಕಲು. ಇವನ್ನೆಲ್ಲ ಕಳೆದುಕೊಂಡೆವೆಂದು ನಾಲ್ಕು ಜನರೆದುರು ಹೇಳಿ ನಿಟ್ಟುಸಿರು ಬಿಡಬಹುದು.

ಹೋದ ತಿಂಗಳು ಅವ್ವನನ್ನು ಸಿಂಧನೂರಿನ ಆಸ್ಪತ್ರೆಗೆ ಕರೆದೊಯ್ದಿದ್ದೆ. ಚೀಟಿ ಬರೆಯುತ್ತಿದ್ದ ನರ್ಸ್ ತಲೆಯೆತ್ತದೆ ಕೇಳಿದಳು: “ಎಷ್ಟು ಹೆರಿಗಿ ಆಗ್ಯಾವಮ್ಮ?”

“ಒಂದ,” ಎಂದಳು ಅವ್ವ.

ನರ್ಸ್ ನನ್ನತ್ತ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.