ಎಡಗೈಯ ಅಳತೆ

ದಿನವಿಡೀ ಗಾಜು ಮುಟ್ಟಿ ಅವರ ಬೆರಳುಗಳು ತಣ್ಣಗಿರುತ್ತಿದ್ದವು. ಭಾಗ್ಯನಗರದ ಬಳೆ ಚಾಚಾ ನನ್ನ ಅಂಗೈ ಮಡಚಿ, ಒಮ್ಮೆ ಹಿಂಡಿ, ಎತ್ತಲೋ ನೋಡುತ್ತ ಅಳತೆ ಹೇಳಿಬಿಡುತ್ತಿದ್ದರು. ಎಡಗೈಗೆ ಬಂದಾಗ ಮಾತ್ರ ಸ್ವಲ್ಪ ನಿಧಾನಿಸುತ್ತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ.

ಲಾಕ್‌ಡೌನ್ ಸಡಿಲವಾದ ಮೇಲೂ ಮದುವೆಗಳಿಲ್ಲ, ಗಿರಾಕಿಗಳಿಲ್ಲ. ಹೀಗೇ ಆದರೆ ಅಂಗಡಿ ಬಿಟ್ಟುಕೊಡುವುದೇ ಗತಿ ಎಂದು ಅವರ ಮಗಳು ಕಣ್ಣೀರು ಹಾಕಿದಳು. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಟೈಪು ಕುಟ್ಟುತ್ತಿದ್ದ ನಾನು, ಭಾರಿ ಬುದ್ಧಿವಂತೆಯ ಹಾಗೆ, ಬಳೆಗಳ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿಕೊಟ್ಟೆ. ಯಲಬುರ್ಗಾ, ಕುಷ್ಟಗಿಯಿಂದ ಆರ್ಡರ್ ಬಂದವು. ಗಿರಾಕಿಗಳು ಕಳಿಸಿದ ಕೈಯ ಫೋಟೋ ನೋಡಿ ಚಾಚಾ ಬಳೆ ಆರಿಸಿದರು. ಮೊದಲ ಹತ್ತು ಡಬ್ಬಿಗಳಲ್ಲಿ ಏಳು ವಾಪಸ್ ಬಂದವು.

ತಪ್ಪು ನನ್ನದು ಎಂದೆ. ಅವರು ಒಪ್ಪಲಿಲ್ಲ.

"ಫೋಟೋದಾಗ ಕೈ ಕಾಣತೈತಿ. ಮೆತ್ತಗೈತೋ ಗಡಸೈತೋ ಕಾಣಂಗಿಲ್ಲವ್ವಾ."

ಮರುದಿನದಿಂದ ಪ್ರತಿ ಗಿರಾಕಿಗೂ ಫೋನ್ ಮಾಡತೊಡಗಿದರು. ಅವರು ಕೈಗೆ ದಾರ ಸುತ್ತಿ ಅಳೆದು ಹೇಳಿದ ಮೇಲೆ ಚಾಚಾ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಏನ್ ಕೆಲಸ ಮಾಡ್ತೀರಿ?" ಗಂಗಾವತಿಯ ಗದ್ದೆಯಲ್ಲಿ ನಾಟಿ ಮಾಡುವವಳ ಗಡಸು ಕೈಗೆ ಒಂದು ಸೈಜು ದೊಡ್ಡದು, ಹೊಲಿಗೆಯವಳ ಮೆತ್ತನೆ ಕೈಗೆ ದಾರದ ಅಳತೆಯಷ್ಟೇ. ಕುಷ್ಟಗಿಯ ಶಾಲೆಯ ಮೇಡಂ ಒಬ್ಬರು, ಅದೆಲ್ಲ ನಿಮಗ್ಯಾಕೆ ಎಂದು ಸಿಡುಕುತ್ತಲೇ ತಮ್ಮ ಕೆಲಸ ಹೇಳಿದರಂತೆ. ಬಳೆ ಕೂತ ಮೇಲೆ ಇಡೀ ಶಾಲೆಯವರಿಗೆ ತರಿಸಿದರು. ಎಲ್ಲವನ್ನೂ ಚಾಚಾ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಡಬ್ಬಿಗಳು ವಾಪಸ್ ಬರುವುದು ನಿಂತಿತು.

ಪಕ್ಕದ ಎರಡು ಅಂಗಡಿಗಳು ಮುಚ್ಚಿದವು, ಇದು ಉಳಿಯಿತು. ಆಮೇಲೊಮ್ಮೆ ಅಂಗಡಿಯೆದುರು ಚರಂಡಿಗೆಂದು ರಸ್ತೆ ಅಗೆದು ಆರು ತಿಂಗಳು ಯಾರೂ ಮೆಟ್ಟಿಲು ಹತ್ತಲಾಗದಾಗಲೂ ಡಬ್ಬಿಗಳು ಹೋಗುತ್ತಲೇ ಇದ್ದವು. ಅಂಗಡಿ ಉಳಿಸಿದ್ದು ನಾನೇ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಚಾಚಾ ಸುಮ್ಮನೆ ನಗುತ್ತಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ವರ್ಗವಾಗಿ ದೂರದಲ್ಲಿದ್ದ ನನಗೆ ಮಣ್ಣಿಗೆ ಹೋಗಲಾಗಲಿಲ್ಲ, ಅದು ಇನ್ನೂ ಕೊರೆಯುತ್ತದೆ. ಈಚೆಗೆ, ಮೊದಲ ಸಲ, ನಾನೇ ಅವರ ಮಗಳಿಗೆ ಆರ್ಡರ್ ಹಾಕಿದೆ. ಅಳತೆ ಹೇಳಲು ಮರೆತಿದ್ದೆ, ಅವಳೂ ಕೇಳಲಿಲ್ಲ. ಬಂದ ಡಬ್ಬಿಯಲ್ಲಿ ಎರಡು ಕಟ್ಟು. ಎಡಗೈ ಎಂದು ಚೀಟಿ ಹಚ್ಚಿದ್ದು ಒಂದು ಸೈಜು ದೊಡ್ಡದು. ಎರಡೂ ಸಲೀಸಾಗಿ ಕೂತವು.

ಫೋನ್ ಮಾಡಿದೆ. ನಮ್ಮ ಅಬ್ಬಾ ಬರೆದಿಟ್ಟಿದ್ದಾರೆ ಎಂದು ಅವಳು ನೋಟ್‌ಬುಕ್ ತೆಗೆದು ಓದಿದಳು.

"ನೀರಾವರಿ ಆಫೀಸು, ಟೈಪು. ಸಣ್ಣಾಕಿ ಇದ್ದಾಗ ಎಡಗೈ ಮುರದೈತಿ. ಆಕಿ ಹೇಳಿಲ್ಲ, ಕೇಳಬ್ಯಾಡ್ರಿ."

ಹುಣಸೆಮರದಿಂದ ಬಿದ್ದಾಗ ನನಗೆ ಏಳು ವರ್ಷ. ಅದು ನನ್ನ ಗಂಡನಿಗೂ ಗೊತ್ತಿಲ್ಲ. ಅಂಗಡಿ ಉಳಿಸಿದ್ದು ನಾನು ಎಂದು ಈಗ ಯಾರ ಮುಂದೆಯೂ ಹೇಳುವುದಿಲ್ಲ.